ಕೋಡ್ ಕಡತಗಳಲ್ಲಿ ಹುಡುಕಲು ಯಾವ ಸಾಧನ: ಗ್ರೆಪ್, ಗಿಟ್ ಗ್ರೆಪ್, ರಿಪ್‌ಗ್ರೆಪ್ ಅಥವಾ ಬೇರೊಂದೇ?

ಮೈಸೂರು, ಮಂಡ್ಯಗಳ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕೊನೆಯ ವರ್ಷದ ಪ್ರಾಜೆಕ್ಟ್ ಮಾಡುತ್ತಿರುವವರೂ ಹೆಬ್ಬಾಳ ಕೈಗಾರಿಕಾ ಪ್ರದೇಶದ ಸಣ್ಣ ತಂತ್ರಾಂಶ ಕಚೇರಿಗಳಿಗೆ ಹೊಸದಾಗಿ ಸೇರಿದವರೂ ಪದೇ ಪದೇ ಕೇಳುವ ಪ್ರಶ್ನೆಯೊಂದಿದೆ. ಸಾವಿರಾರು ಕಡತಗಳಿರುವ ಕೋಡಿನಲ್ಲಿ ಒಂದು ಹೆಸರನ್ನು ಕಮಾಂಡ್ ಲೈನಿನಿಂದ ಹುಡುಕಲು ಗ್ರೆಪ್ ಸಾಕೇ, ರಿಪ್‌ಗ್ರೆಪ್ ಹಾಕಿಕೊಳ್ಳಬೇಕೇ, ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲೇ ಇರುವ ಗ್ರೆಪ್ ಒಳ್ಳೆಯದೇ, ಅಥವಾ ಹಿರಿಯರು ಆಗಾಗ ಹೆಸರಿಸುವ ಆ್ಯಕ್, ಏಜಿ, ಯುಗ್ರೆಪ್‌ಗಳತ್ತಲೂ ಒಮ್ಮೆ ಕಣ್ಣು ಹಾಯಿಸಬೇಕೇ? ಎಲ್ಲವೂ ಉಚಿತವಾದದ್ದರಿಂದ ದುಡ್ಡಿನ ಲೆಕ್ಕ ಇಲ್ಲಿ ಬರುವುದಿಲ್ಲ. ಲ್ಯಾಬಿನ ಕಂಪ್ಯೂಟರಿನಲ್ಲಿ ಹೊಸದನ್ನು ಹಾಕಲು ಅನುಮತಿ ಇದೆಯೇ, ಕಲಿಯಲು ಎಷ್ಟು ಹೊತ್ತು ಕೊಡಬಲ್ಲಿರಿ, ತಪ್ಪಾದರೆ ಯಾವ ಬಗೆಯ ತಪ್ಪನ್ನು ತಾಳಿಕೊಳ್ಳಬಲ್ಲಿರಿ ಎಂಬುವೇ ಇಲ್ಲಿನ ಬಜೆಟ್.

ಬರವಣಿಗೆಯ ರೀತಿಯ ಬಗ್ಗೆ ಒಂದು ಮಾತು: ಆಯ್ಕೆಗಳ ಇಂಗ್ಲಿಷ್ ಅಕ್ಷರಗಳನ್ನು ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಒಂದಕ್ಷರದ ಆಯ್ಕೆಗೆ ಮೊದಲು ಒಂದು ಅಡ್ಡಗೆರೆಯನ್ನೂ, ಪೂರ್ಣ ಪದವಾಗಿರುವ ಉದ್ದ ಆಯ್ಕೆಗೆ ಮೊದಲು ಎರಡನ್ನೂ ಸೇರಿಸಿಕೊಳ್ಳಬೇಕು. ‘ದೊಡ್ಡ’ ಎಂದು ಹೇಳದಿದ್ದರೆ ಅದು ಸಣ್ಣಕ್ಷರ.

ಯಾವುದನ್ನು ಅಳೆಯಬೇಕು

ಇಂಥ ಹೋಲಿಕೆಗಳಲ್ಲಿ ಹೆಚ್ಚಿನವು ವೇಗದಿಂದ ಆರಂಭವಾಗಿ ವೇಗದಲ್ಲೇ ಮುಗಿಯುತ್ತವೆ. ನನ್ನ ಮಟ್ಟಿಗೆ ಮೊದಲ ಮಾನದಂಡ ಬೇರೆ: ಈ ಸಾಧನ ಯಾವ ಕಡತಗಳನ್ನು ಹೇಳದೆ ಕೇಳದೆ ಬಿಟ್ಟುಬಿಡುತ್ತದೆ? ನೂರು ಅನಗತ್ಯ ಸಾಲುಗಳು ಬಂದರೆ ಕಿರಿಕಿರಿಯಾಗುತ್ತದೆ, ಆದರೆ ಕಣ್ಣಿಗಾದರೂ ಬೀಳುತ್ತದೆ. ಬರಬೇಕಾಗಿದ್ದ ಒಂದು ಸಾಲು ಬರದಿದ್ದರೆ ಅದು ಬರಲಿಲ್ಲವೆಂಬುದೇ ತಿಳಿಯುವುದಿಲ್ಲ. ‘ಈ ಫಂಕ್ಷನ್ನನ್ನು ಯಾರೂ ಬಳಸುತ್ತಿಲ್ಲ’ ಎಂದು ನಂಬಿ ಅದನ್ನು ಅಳಿಸಿದ ಮೇಲಷ್ಟೇ ಗೊತ್ತಾಗುತ್ತದೆ.

ಎರಡನೆಯದು ಲಭ್ಯತೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಏನಿದೆ ಎಂಬುದಕ್ಕಿಂತ, ರಾತ್ರಿ ಹತ್ತಕ್ಕೆ ಗ್ರಾಹಕರ ಸರ್ವರಿಗೆ ಲಾಗಿನ್ ಆದಾಗ ಅಲ್ಲಿ ಏನಿರುತ್ತದೆ ಎಂಬುದು ಮುಖ್ಯ. ಮೂರನೆಯದು ರೆಜೆಕ್ಸ್, ಅಂದರೆ ವಿನ್ಯಾಸ ಬರೆಯುವ ಭಾಷೆ, ಎಷ್ಟು ಹೊಂದಿಕೊಳ್ಳುತ್ತದೆ ಎಂಬುದು. ವೇಗ ನಾಲ್ಕನೆಯದು. ಐದನೆಯದು ಇಂಗ್ಲಿಷ್ ಹೋಲಿಕೆಗಳಲ್ಲಿ ಸಾಮಾನ್ಯವಾಗಿ ಕಾಣದ, ನಮಗೆ ಮಾತ್ರ ಬೇಕಾದ ಮಾನದಂಡ: ಕಡತದಲ್ಲಿ ಕನ್ನಡ ಪಠ್ಯವಿದ್ದರೆ ಸಾಧನ ಹೇಗೆ ನಡೆದುಕೊಳ್ಳುತ್ತದೆ?

ಎಲ್ಲ ಸಾಧನಗಳನ್ನೂ ಒಂದೇ ಉದಾಹರಣೆಯ ಮೇಲೆ ಪರೀಕ್ಷಿಸೋಣ. ಮಂಡ್ಯ ಜಿಲ್ಲೆಯ ಹಳ್ಳಿಯೊಂದರ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆಂದು ವಿದ್ಯಾರ್ಥಿಗಳು ಬರೆದ ಲೆಕ್ಕದ ತಂತ್ರಾಂಶವೊಂದು ಇದೆ ಎಂದುಕೊಳ್ಳಿ. ಹಾಲಿನ ದರ ನಿಲ್ಲುವುದು ಫ್ಯಾಟ್ (ಕೊಬ್ಬು) ಮತ್ತು ಎಸ್ಎನ್ಎಫ್ (ಕೊಬ್ಬಲ್ಲದ ಘನಾಂಶ) ಅಂಶಗಳ ಮೇಲೆ. ದರದ ಲೆಕ್ಕಾಚಾರ ಎಲ್ಲೆಲ್ಲಿ ನಡೆದಿದೆ ಎಂದು ನೋಡಲು ಎಫ್, ಎ, ಟಿ ಎಂಬ ಮೂರು ಅಕ್ಷರಗಳನ್ನು ಹುಡುಕಬೇಕಾಗಿದೆ.

ಗ್ರೆಪ್: ಎಲ್ಲವನ್ನೂ ನೋಡುವ ಹಳೆಯ ಆಳು

ಯುನಿಕ್ಸ್ ರೂಪಿಸಿದವರಲ್ಲಿ ಒಬ್ಬರಾದ ಕೆನ್ ಥಾಂಪ್ಸನ್ ಬರೆದ ಗ್ರೆಪ್ 1973ರಿಂದ ಬಳಕೆಯಲ್ಲಿದೆ. ಲಿನಕ್ಸ್‌ನಲ್ಲಿರುವುದು ಸಾಮಾನ್ಯವಾಗಿ ಗ್ನೂ ಆವೃತ್ತಿ, ಮ್ಯಾಕ್‌ನಲ್ಲಿರುವುದು ಬಿಎಸ್‌ಡಿ ಮೂಲದ್ದು. ಆರ್, ಎನ್ ಎಂಬ ಎರಡು ಆಯ್ಕೆಗಳನ್ನು ಕೊಟ್ಟರೆ ಒಳಗಿನ ಫೋಲ್ಡರುಗಳನ್ನೆಲ್ಲ ಹೊಕ್ಕು, ಸಾಲಿನ ಸಂಖ್ಯೆಯ ಸಮೇತ ಉತ್ತರ ತರುತ್ತದೆ. ಹೊಕ್ಕುವಾಗ ಯಾರ ಮುಲಾಜನ್ನೂ ನೋಡುವುದಿಲ್ಲ: ಗಿಟ್‌ನ ಒಳ ಕಡತಗಳು, ನೋಡ್ ಮಾಡ್ಯೂಲ್ಸ್ ಫೋಲ್ಡರಿನಲ್ಲಿ ಬಿದ್ದಿರುವ ಇತರರ ಕೋಡು, ಕಟ್ಟಿಟ್ಟ ಬಿಲ್ಡ್ ಎಲ್ಲವೂ ಅದರ ಪಾಲಿಗೆ ಒಂದೇ. ಹೊರಗಿಡುವ ಕೆಲಸ ನಿಮ್ಮದು. ಎಕ್ಸ್‌ಕ್ಲೂಡ್-ಡಿರ್ ಎಂಬ ಉದ್ದ ಆಯ್ಕೆಯಿಂದ ಫೋಲ್ಡರುಗಳನ್ನೂ, ದೊಡ್ಡ ಐ ಆಯ್ಕೆಯಿಂದ ಬೈನರಿ ಕಡತಗಳನ್ನೂ ಬಿಡಿಸಬಹುದು, ಇನ್‌ಕ್ಲೂಡ್ ಕೊಟ್ಟು ಪೈಥಾನ್ ಕಡತಗಳನ್ನು ಮಾತ್ರ ನೋಡೆನ್ನಬಹುದು. ಇಷ್ಟನ್ನು ಪ್ರತಿಸಲ ಟೈಪ್ ಮಾಡುವುದು ಬೇಸರದ ಕೆಲಸವೇ ಸರಿ. ಆದರೆ ಏನನ್ನು ಬಿಟ್ಟಿರಿ ಎಂಬುದು ಕಮಾಂಡಿನಲ್ಲೇ ಬರೆದಿರುತ್ತದೆ.

ನಮ್ಮ ಉದಾಹರಣೆಗೆ ಬಂದರೆ, ಎಫ್ಎಟಿ ಎಂದು ಹುಡುಕಿದ ಕೂಡಲೇ ರೈತರ ವಿವರದ ಪುಟಗಳಲ್ಲಿರುವ ‘ಫಾದರ್ ನೇಮ್’ ಕಾಲಂಗಳೂ ದೋಷ ವರದಿಯ ‘ಫೇಟಲ್’ ಸಾಲುಗಳೂ ಸಾಲುಗಟ್ಟಿ ಬರುತ್ತವೆ, ಏಕೆಂದರೆ ಮೂರರ ಕಾಗುಣಿತವೂ ಇಂಗ್ಲಿಷಿನಲ್ಲಿ ಅದೇ ಮೂರು ಅಕ್ಷರಗಳಿಂದ ಶುರುವಾಗುತ್ತದೆ. ಪೂರ್ಣ ಪದವನ್ನಷ್ಟೇ ಹುಡುಕುವ ಡಬ್ಲ್ಯೂ ಆಯ್ಕೆ ಹಾಕಿದರೆ ಗದ್ದಲವೇನೋ ನಿಲ್ಲುತ್ತದೆ, ಜೊತೆಗೆ ಬೇಕಾದದ್ದೂ ಹೋಗುತ್ತದೆ. ಅಡಿಗೆರೆಯೂ ಪದದ ಅಕ್ಷರವೇ ಎಂದು ಗ್ರೆಪ್ ಎಣಿಸುವುದರಿಂದ ಅಡಿಗೆರೆ ಹಾಕಿ ಜೋಡಿಸಿದ ‘ಫ್ಯಾಟ್_ರೇಟ್’ ಆಗಲಿ ‘ಮಿಲ್ಕ್_ಫ್ಯಾಟ್’ ಆಗಲಿ ಸಿಗುವುದಿಲ್ಲ.

ಅನೇಕರು ಇದಕ್ಕೆ ಮಾಡುವ ಉಪಾಯವೆಂದರೆ ಮೊದಲ ಗ್ರೆಪ್‌ನ ಉತ್ತರವನ್ನು ಪೈಪ್ ಮೂಲಕ ಎರಡನೆಯ ಗ್ರೆಪ್‌ಗೆ ಕೊಟ್ಟು, ವಿ ಆಯ್ಕೆಯಿಂದ ‘ಫಾದರ್’ ಇರುವ ಸಾಲುಗಳನ್ನು ತೆಗೆದುಹಾಕುವುದು. ಉಪಾಯ ಒಳ್ಳೆಯದೇ, ಆದರೆ ಒಂದು ತೊಡಕಿದೆ. ಎರಡನೆಯ ಗ್ರೆಪ್‌ಗೆ ಬರುವ ಪ್ರತಿ ಸಾಲಿನ ಮೊದಲಲ್ಲಿ ಕಡತದ ಹೆಸರೂ ಇರುತ್ತದೆ. ಯಾವುದಾದರೂ ಕಡತದ ಹೆಸರಿನಲ್ಲೇ ‘ಫಾದರ್’ ಇದ್ದರೆ ಆ ಕಡತದ ಸಾಲುಗಳೆಲ್ಲವೂ, ಅದರಲ್ಲಿರುವ ನಿಜವಾದ ಫ್ಯಾಟ್ ಲೆಕ್ಕವೂ ಸೇರಿ, ಸದ್ದಿಲ್ಲದೆ ಮಾಯವಾಗುತ್ತವೆ. ಹೆಚ್ಚು ಭದ್ರವಾದ ದಾರಿಯೆಂದರೆ ಎಫ್ಎಟಿಯ ನಂತರದ ಅಕ್ಷರ ಎಚ್ ಅಥವಾ ಸಣ್ಣ ಎ ಆಗಿರಬಾರದೆಂದು, ಇಲ್ಲವೇ ಸಾಲು ಅಲ್ಲಿಗೇ ಮುಗಿಯಬೇಕೆಂದು ವಿನ್ಯಾಸದಲ್ಲೇ ಬರೆಯುವುದು. ಇದಕ್ಕೆ ದೊಡ್ಡ ಇ ಆಯ್ಕೆ ಬೇಕು. ಗ್ರೆಪ್‌ನ ಮೂಲ ರೆಜೆಕ್ಸ್‌ನಲ್ಲಿ ಆವರಣ, ‘ಅಥವಾ’ ಗೆರೆ, ಪ್ಲಸ್ ಇವು ಹಿಂದೆ ಬ್ಯಾಕ್‌ಸ್ಲ್ಯಾಶ್ ಇಲ್ಲದೆ ಕೆಲಸ ಮಾಡುವುದಿಲ್ಲ ಎಂಬುದು ಹೊಸಬರನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ಸಂಗತಿ.

ಹುಡುಕುವ ಪಠ್ಯದಲ್ಲಿ ಆವರಣ, ಚುಕ್ಕಿ, ಚೌಕ ಕಂಸ ಇದ್ದರೆ ದೊಡ್ಡ ಎಫ್ ಆಯ್ಕೆ ಕೊಟ್ಟು ‘ಇದು ವಿನ್ಯಾಸವಲ್ಲ, ಇದ್ದಂತೆಯೇ ಹುಡುಕು’ ಎನ್ನುವುದು ಉತ್ತಮ. ಕೋಡಿನಲ್ಲಿ ನಾವು ಹುಡುಕುವ ಹೆಚ್ಚಿನ ಸಂಗತಿಗಳಿಗೆ ರೆಜೆಕ್ಸ್ ಬೇಕಾಗುವುದೇ ಇಲ್ಲ. ಹಳೆಯ ಪುಸ್ತಕಗಳಲ್ಲಿ ಕಾಣುವ ಇಗ್ರೆಪ್, ಎಫ್‌ಗ್ರೆಪ್ ಎಂಬ ಪ್ರತ್ಯೇಕ ಕಮಾಂಡುಗಳನ್ನು ಮರೆಯಬಹುದು, 2022ರ 3.8 ಆವೃತ್ತಿಯಿಂದ ಗ್ನೂ ಗ್ರೆಪ್ ಅವುಗಳನ್ನು ಬಳಸಿದರೆ ಎಚ್ಚರಿಕೆ ಕೊಡುತ್ತದೆ.

ಗಿಟ್ ಗ್ರೆಪ್: ಕೈಯಲ್ಲೇ ಇದ್ದೂ ಕಾಣದ್ದು

ಗಿಟ್ ಬಳಸುವವರ ಬಳಿ ಈ ಸಾಧನ ಆಗಲೇ ಇದೆ, ಬೇರೇನೂ ಹಾಕಿಕೊಳ್ಳಬೇಕಿಲ್ಲ. ಲ್ಯಾಬಿನ ಕಂಪ್ಯೂಟರಿನಲ್ಲಿ ಅನುಮತಿಯಿಲ್ಲದೆ ಒದ್ದಾಡುವ ವಿದ್ಯಾರ್ಥಿಗೆ ನಾನು ಮೊದಲು ಹೇಳುವುದು ಇದನ್ನೇ. ಗಿಟ್ ದಾಖಲೆಗೆ ಸೇರಿಸಿಕೊಂಡಿರುವ ಕಡತಗಳನ್ನು ಮಾತ್ರ ಇದು ನೋಡುತ್ತದೆ. ನೋಡ್ ಮಾಡ್ಯೂಲ್ಸ್, ಬಿಲ್ಡ್ ಮೊದಲಾದ ಕಸವೆಲ್ಲ ತಾನಾಗಿಯೇ ಹೊರಗುಳಿಯುತ್ತದೆ. ಹಲವು ಥ್ರೆಡ್‌ಗಳಲ್ಲಿ, ಅಂದರೆ ಕೆಲಸವನ್ನು ಹಂಚಿಕೊಂಡು ಒಟ್ಟಿಗೇ, ಓಡುವುದರಿಂದ ವೇಗಕ್ಕೂ ಕೊರತೆಯಿಲ್ಲ.

ಇದು ಬಿಡುವುದೇನನ್ನು? ಈಗಷ್ಟೇ ಬರೆದು ಇನ್ನೂ ‘ಗಿಟ್ ಆ್ಯಡ್’ ಮಾಡದ ಕಡತವನ್ನು. ಬೆಳಿಗ್ಗೆಯಿಂದ ಬರೆದ ಹೊಸ ದರಪಟ್ಟಿಯ ಕಡತದಲ್ಲೇ ನಿಮ್ಮ ಪದವಿದ್ದರೂ ಉತ್ತರ ಶೂನ್ಯವಾಗಿರುತ್ತದೆ. ಅನ್‌ಟ್ರ್ಯಾಕ್ಡ್ ಎಂಬ ಉದ್ದ ಆಯ್ಕೆಯನ್ನು ಸೇರಿಸಿದರೆ ಅದನ್ನೂ ನೋಡುತ್ತದೆ.

ಬೇರೆ ಸಾಧನಗಳಿಗೆ ಎಟುಕದ ಶಕ್ತಿಯೊಂದು ಇದಕ್ಕಿದೆ: ಹಳೆಯ ಆವೃತ್ತಿಯಲ್ಲಿ ಹುಡುಕುವುದು. ವಿನ್ಯಾಸದ ನಂತರ ಟ್ಯಾಗಿನ ಅಥವಾ ಕಮಿಟ್ಟಿನ (ಗಿಟ್‌ನಲ್ಲಿ ದಾಖಲಾದ ಒಂದು ಬದಲಾವಣೆಯ) ಹೆಸರು ಕೊಟ್ಟರೆ ಸಾಕು, ಆ ಹೊತ್ತಿನಲ್ಲಿ ಕೋಡು ಹೇಗಿತ್ತೋ ಹಾಗೆ ಹುಡುಕಿಕೊಡುತ್ತದೆ. ಹೋದ ವರ್ಷ ಇದ್ದ ಎಸ್ಎನ್ಎಫ್ ಕಡಿತದ ಸೂತ್ರ ಈಗ ಎಲ್ಲೂ ಕಾಣುತ್ತಿಲ್ಲ, ಯಾವಾಗ ಹೋಯಿತು ಎಂದು ಗೊತ್ತಾಗಬೇಕಾದರೆ ‘ಗಿಟ್ ಲಾಗ್’ ಜೊತೆ ದೊಡ್ಡ ಎಸ್ ಆಯ್ಕೆಯನ್ನೂ ಆ ಪಠ್ಯವನ್ನೂ ಕೊಡಬೇಕು; ಆ ಪಠ್ಯ ಎಷ್ಟು ಕಡೆ ಇದೆಯೆಂಬ ಲೆಕ್ಕವನ್ನು ಬದಲಿಸಿದ ಕಮಿಟ್ಟುಗಳನ್ನಷ್ಟೇ ಅದು ತೋರಿಸುತ್ತದೆ. ದೊಡ್ಡ ಡಬ್ಲ್ಯೂ ಆಯ್ಕೆಯಿಂದ ‘ಗಿಟ್ ಗ್ರೆಪ್’ ಹೊಂದುವ ಸಾಲಿನ ಸುತ್ತಲಿನ ಇಡೀ ಫಂಕ್ಷನ್ನನ್ನು ಮುದ್ರಿಸುತ್ತದೆ. ಇತರರ ಕೋಡು ಓದುವಾಗ ಇದರಷ್ಟು ಉಪಕಾರಿಯಾದದ್ದು ಕಡಿಮೆ.

ರಿಪ್‌ಗ್ರೆಪ್: ವೇಗವೂ ಮೌನವೂ

ಆಂಡ್ರ್ಯೂ ಗ್ಯಾಲಂಟ್ 2016ರಲ್ಲಿ ರಸ್ಟ್ ಭಾಷೆಯಲ್ಲಿ ಬರೆದು ಬಿಡುಗಡೆ ಮಾಡಿದ ರಿಪ್‌ಗ್ರೆಪ್‌ನ ಕಮಾಂಡ್ ಆರ್‌ಜಿ ಎಂಬ ಎರಡೇ ಅಕ್ಷರ. ವಿಎಸ್ ಕೋಡ್ ಎಡಿಟರಿನ ಹುಡುಕಾಟದ ಹಿಂದೆ ಓಡುವುದೂ ಇದೇ ಆದ್ದರಿಂದ ಗೊತ್ತಿಲ್ಲದೆಯೇ ನೀವು ಇದನ್ನು ಬಳಸಿರಬಹುದು. ಏನೂ ಹೇಳದಿದ್ದರೂ ಫೋಲ್ಡರುಗಳ ಒಳಹೊಕ್ಕು, ಹಲವು ಥ್ರೆಡ್‌ಗಳಲ್ಲಿ ಹುಡುಕಿ, ಟರ್ಮಿನಲ್ಲಿನಲ್ಲಿ ಕಡತವಾರು ಗುಂಪು ಮಾಡಿ, ಬಣ್ಣ ಹಚ್ಚಿ, ಸಾಲಿನ ಸಂಖ್ಯೆಯ ಸಮೇತ ಕೊಡುತ್ತದೆ. ಟಿ ಆಯ್ಕೆಯೊಂದಿಗೆ ಭಾಷೆಯ ಹೆಸರು ಕೊಟ್ಟರೆ ಆ ಭಾಷೆಯ ಕಡತಗಳನ್ನಷ್ಟೇ ನೋಡುತ್ತದೆ. ಒತ್ತೊತ್ತಾಗಿ ಕುಗ್ಗಿಸಿದ ಜಾವಾಸ್ಕ್ರಿಪ್ಟ್ ಕಡತವೊಂದರ ಒಂದೇ ಸಾಲು ಟರ್ಮಿನಲ್ಲನ್ನು ತುಂಬಿಬಿಡುವ ಕಾಟಕ್ಕೆ ದೊಡ್ಡ ಎಂ ಆಯ್ಕೆಯಲ್ಲಿ 200 ಎಂದು ಮಿತಿ ಹಾಕಬಹುದು.

ಇದರ ಮೂಲ ರೆಜೆಕ್ಸ್ ಎಂಜಿನ್ ಹಿಂದುಮುಂದು ಇಣುಕುವ ವಿನ್ಯಾಸಗಳನ್ನು, ಅಂದರೆ ಪದದ ಆಚೀಚೆ ಏನಿದೆಯೆಂದು ನೋಡಿ ಹೊಂದಿಸುವವನ್ನು, ಒಪ್ಪುವುದಿಲ್ಲ. ಅದಕ್ಕೆ ಪ್ರತಿಯಾಗಿ, ಎಂಥ ವಿನ್ಯಾಸ ಬರೆದರೂ ಹುಡುಕುವ ಹೊತ್ತು ಪಠ್ಯದ ಗಾತ್ರಕ್ಕೆ ಅನುಗುಣವಾಗಿಯೇ ಬೆಳೆಯುತ್ತದೆಂಬ ಭರವಸೆ ಸಿಗುತ್ತದೆ. ಇಣುಕುವ ವಿನ್ಯಾಸ ಬೇಕೇಬೇಕೆಂದರೆ ದೊಡ್ಡ ಪಿ ಆಯ್ಕೆಯಿಂದ ಪಿಸಿಆರ್‌ಇ2 ಎಂಜಿನ್ನಿಗೆ ಬದಲಾಯಿಸಬಹುದು.

ಈಗ ಮೊದಲ ಮಾನದಂಡಕ್ಕೆ ಬರೋಣ. ರಿಪ್‌ಗ್ರೆಪ್ ಮೂರು ಬಗೆಯ ಕಡತಗಳನ್ನು ತಾನಾಗಿಯೇ ಬಿಡುತ್ತದೆ: ಗಿಟ್‌ಇಗ್ನೋರ್ ಪಟ್ಟಿಯಲ್ಲಿ (ಗಿಟ್ ಗಮನಿಸಬೇಕಿಲ್ಲವೆಂದು ಬರೆದಿಟ್ಟ ಪಟ್ಟಿ) ಇರುವವು, ಹೆಸರು ಚುಕ್ಕಿಯಿಂದ ಆರಂಭವಾಗುವ ಗುಪ್ತ ಕಡತಗಳು, ಮತ್ತು ಬೈನರಿಗಳು. ದಿನನಿತ್ಯದ ಕೆಲಸಕ್ಕೆ ಇದೇ ವರ. ಆದರೆ ಡೇಟಾಬೇಸಿನ ಪಾಸ್‌ವರ್ಡ್ ಎಲ್ಲಾದರೂ ಉಳಿದಿದೆಯೇ ಎಂದು ಹುಡುಕುವಾಗ ಅದು ಇರುವ ಸಾಧ್ಯತೆ ಹೆಚ್ಚಿರುವುದು ‘ಡಾಟ್ ಎನ್ವ್’ ಕಡತದಲ್ಲಿ. ಅದು ಗುಪ್ತವೂ ಹೌದು, ಇಗ್ನೋರ್ ಪಟ್ಟಿಯಲ್ಲಿ ಇರುವಂಥದ್ದೂ ಹೌದು. ‘ಡಾಟ್ ಗಿಟ್‌ಹಬ್’ ಫೋಲ್ಡರಿನಲ್ಲಿರುವ ವರ್ಕ್‌ಫ್ಲೋ ಕಡತಗಳು ಗಿಟ್ ದಾಖಲೆಯಲ್ಲಿದ್ದರೂ ಗುಪ್ತವಾದ ಕಾರಣ ರಿಪ್‌ಗ್ರೆಪ್ ಅವುಗಳನ್ನು ಮುಟ್ಟುವುದಿಲ್ಲ, ‘ಗಿಟ್ ಗ್ರೆಪ್’ ಮುಟ್ಟುತ್ತದೆ. ಇನ್ನೂ ಸೂಕ್ಷ್ಮವಾದದ್ದು, ಇಗ್ನೋರ್ ಪಟ್ಟಿಗೆ ಹೊಂದುವ ಕಡತವೊಂದನ್ನು ಯಾರೋ ಬಲವಂತವಾಗಿ ಕಮಿಟ್ ಮಾಡಿರುವ ಸಂದರ್ಭ. ರಿಪ್‌ಗ್ರೆಪ್ ಪಟ್ಟಿಯನ್ನು ಓದುತ್ತದೆಯೇ ಹೊರತು ಗಿಟ್ ದಾಖಲೆಯನ್ನಲ್ಲ. ಹಾಗಾಗಿ ನಿಜಕ್ಕೂ ಬಳಕೆಯಲ್ಲಿರುವ ಆ ಕಡತ ಅದರ ಕಣ್ಣಿಗೆ ಬೀಳುವುದೇ ಇಲ್ಲ.

ಪರಿಹಾರ ಸುಲಭ. ಒಂದು ಯು ಹಾಕಿದರೆ ಇಗ್ನೋರ್ ಪಟ್ಟಿಗಳನ್ನು ಮರೆಯುತ್ತದೆ, ಎರಡು ಹಾಕಿದರೆ ಗುಪ್ತ ಕಡತಗಳನ್ನೂ ನೋಡುತ್ತದೆ, ಮೂರು ಹಾಕಿದರೆ ಬೈನರಿಗಳನ್ನೂ. ವಿನ್ಯಾಸವನ್ನೇ ಕೊಡದೆ ಫೈಲ್ಸ್ ಎಂಬ ಉದ್ದ ಆಯ್ಕೆ ಕೊಟ್ಟರೆ ತಾನು ಯಾವ ಕಡತಗಳನ್ನು ಹುಡುಕಲಿದ್ದೇನೆಂಬ ಪಟ್ಟಿಯನ್ನು ಕೊಡುತ್ತದೆ, ಡಿಬಗ್ ಆಯ್ಕೆ ಯಾವುದನ್ನು ಯಾವ ನಿಯಮದಿಂದ ಬಿಟ್ಟಿತೆಂದು ಹೇಳುತ್ತದೆ. ಹೊಸ ಪ್ರಾಜೆಕ್ಟಿಗೆ ಸೇರಿದ ದಿನವೇ ಫೈಲ್ಸ್ ಪಟ್ಟಿಯನ್ನು ಒಮ್ಮೆ ಓದಿಬಿಡುವುದು ಒಳ್ಳೆಯ ಅಭ್ಯಾಸ.

ಅನುಮತಿಯ ವಿಷಯದಲ್ಲೂ ಇದು ಉದಾರಿ. ಉಬುಂಟುವಿನ ಪ್ಯಾಕೇಜುಗಳಲ್ಲಿ ಸಿಗುತ್ತದೆ. ಅಡ್ಮಿನ್ ಅಧಿಕಾರವಿಲ್ಲದಿದ್ದರೆ ಸಿದ್ಧವಾದ ಒಂದೇ ಬೈನರಿಯನ್ನು ಇಳಿಸಿ ನಿಮ್ಮ ಹೋಮ್ ಫೋಲ್ಡರಿನಲ್ಲಿ ಇಟ್ಟುಕೊಂಡರೂ ಓಡುತ್ತದೆ. ವಿಂಡೋಸ್‌ನಲ್ಲಿ ನೇರವಾಗಿ ಕೆಲಸ ಮಾಡುವವರಿಗಂತೂ ಇದನ್ನೇ ಹಾಕಿಕೊಳ್ಳಿ ಎನ್ನುತ್ತೇನೆ, ಏಕೆಂದರೆ ಅಲ್ಲಿರುವ ಫೈಂಡ್‌ಎಸ್‌ಟಿಆರ್‌ನ ರೆಜೆಕ್ಸ್ ತೀರಾ ಬಡವಾದದ್ದು.

ಉಳಿದವು

ಆ್ಯಂಡಿ ಲೆಸ್ಟರ್ ಅವರ ಆ್ಯಕ್ ಪರ್ಲ್‌ನಲ್ಲಿ ಬರೆದದ್ದು. ಕೋಡು ಹುಡುಕುವವರಿಗೆ ಕಡತಗಳ ಬಗೆಯೇ ಮುಖ್ಯವೆಂಬ ವಿಚಾರವನ್ನು ಜನಪ್ರಿಯಗೊಳಿಸಿದ್ದು ಅದೇ; ಪರ್ಲ್ ಇರುವ ಯಂತ್ರದಲ್ಲಿ ಒಂದೇ ಕಡತವಾಗಿ ಓಡುತ್ತದೆ, ಪರ್ಲ್ ರೆಜೆಕ್ಸ್‌ನ ಪೂರ್ಣ ಬಲವೂ ಇದೆ, ಆದರೆ ವೇಗ ಕಡಿಮೆ. ಸಿಲ್ವರ್ ಸರ್ಚರ್ ಎಂಬ ಏಜಿಯ ಕೊನೆಯ ಬಿಡುಗಡೆ 2018ರದು. ಈಗಾಗಲೇ ಬಳಸುತ್ತಿರುವವರು ಮುಂದುವರಿಯಲಿ, ಹೊಸದಾಗಿ ಕಲಿಯಲು ಕಾರಣ ಕಾಣೆ.

ಯುಗ್ರೆಪ್ ಹಾಗಲ್ಲ, ಅದಕ್ಕೆ ತನ್ನದೇ ಜಾಗವಿದೆ. ಗ್ರೆಪ್‌ನ ಆಯ್ಕೆಗಳನ್ನೇ ಬಹುಪಾಲು ಉಳಿಸಿಕೊಂಡಿರುವುದರಿಂದ ಕೈಗೆ ಅಭ್ಯಾಸವಾದದ್ದನ್ನು ಬಿಡಬೇಕಿಲ್ಲ. ದೊಡ್ಡ ಕ್ಯೂ ಆಯ್ಕೆಯಲ್ಲಿ ಟೈಪ್ ಮಾಡುತ್ತಿದ್ದಂತೆಯೇ ಉತ್ತರ ಬದಲಾಗುವ ಪರದೆ ತೆರೆಯುತ್ತದೆ. ಸಣ್ಣ ಜೆಡ್ ಆಯ್ಕೆ ಜಿಪ್ ಮೊದಲಾದ ಕಟ್ಟುಗಳ ಒಳಗೂ, ದೊಡ್ಡ ಜೆಡ್ ಆಯ್ಕೆ ಒಂದಕ್ಷರ ಆಚೀಚೆಯಾದ ಪದಗಳನ್ನೂ ಹುಡುಕುತ್ತದೆ. ಈ ಕೊನೆಯದು ನಮ್ಮ ಕಡೆಯ ಕೋಡಿಗೆ ಹೇಳಿ ಮಾಡಿಸಿದಂತಿದೆ: ‘ಹಾಲು’ ಎಂಬ ವೇರಿಯೇಬಲ್ಲನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒಬ್ಬರು ಒಂದು ಎ, ಇನ್ನೊಬ್ಬರು ಎರಡು ಎ ಹಾಕಿ ಬರೆದಿರುತ್ತಾರೆ. ಅಷ್ಟಕ್ಕೇ ಆದರೆ ಹೊಸ ಸಾಧನವೇ ಬೇಕೆಂದಿಲ್ಲ, ರೆಜೆಕ್ಸ್‌ನಲ್ಲಿ ಎ ಮುಂದೆ ಪ್ಲಸ್ ಹಾಕಿದರೂ ನಡೆಯುತ್ತದೆ.

ನೂರಾರು ರೆಪೊಸಿಟರಿಗಳಲ್ಲಿ ಒಟ್ಟಿಗೆ ಹುಡುಕಬೇಕಾದ ಸಂಸ್ಥೆಗಳಿಗೆ ಮೊದಲೇ ಸೂಚಿ ಕಟ್ಟಿಟ್ಟುಕೊಳ್ಳುವ ಜೋಕ್ಟ್‌ನಂಥ ಸಾಧನಗಳು ಸರಿ. ಸೂಚಿಗೆ ಜಾಗ ಬೇಕು, ಅದನ್ನು ಆಗಾಗ ಹೊಸದು ಮಾಡುತ್ತಿರಬೇಕು; ವಿದ್ಯಾರ್ಥಿಯ ಪ್ರಾಜೆಕ್ಟಿಗೆ ಅದರ ಗೊಡವೆ ಬೇಡ.

ವೇಗ ಎಷ್ಟು ಮುಖ್ಯ

ಕೆಲವೇ ಎಂಬಿಯ ಕೋಡಿನಲ್ಲಿ ಇವುಗಳ ನಡುವಿನ ಅಂತರ ಕಣ್ಣಿಗೆ ಕಾಣದು. ಗ್ರೆಪ್ ನಿಧಾನವೆಂದು ದೂರುವವರಲ್ಲಿ ಅನೇಕರು ಅದನ್ನು ನೋಡ್ ಮಾಡ್ಯೂಲ್ಸ್ ಒಳಗೆ ಅಲೆಸುತ್ತಿರುತ್ತಾರೆ; ಆ ಫೋಲ್ಡರನ್ನು ಬಿಡಿಸಿದರೆ ದೂರು ಅರ್ಧ ಮುಗಿಯುತ್ತದೆ. ಹೋಲಿಸಿ ನೋಡುವವರು ಪ್ರತಿಯೊಂದನ್ನೂ ಎರಡೆರಡು ಸಲ ಓಡಿಸಬೇಕು. ಮೊದಲ ಸಲ ಡಿಸ್ಕಿನಿಂದ ಓದಿದ ಕಡತಗಳು ಎರಡನೆಯ ಸಲಕ್ಕೆ ಮೆಮೊರಿಯಲ್ಲೇ ಇರುತ್ತವೆ, ಹಾಗಾಗಿ ಎರಡನೆಯದಾಗಿ ಓಡಿದ ಸಾಧನ ಸುಮ್ಮನೆ ಗೆದ್ದಂತೆ ಕಾಣುತ್ತದೆ. ಹಳೆಯ ಹಾರ್ಡ್ ಡಿಸ್ಕ್ ಇರುವ ಲ್ಯಾಬ್ ಯಂತ್ರಗಳಲ್ಲಿ ಈ ಭ್ರಮೆ ಇನ್ನೂ ಜಾಸ್ತಿ. ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯೂಎಸ್‌ಎಲ್2 ಹಾಕಿಕೊಂಡವರು ಕೋಡನ್ನು ಸಿ ಡ್ರೈವಿನಲ್ಲಿಟ್ಟು ಲಿನಕ್ಸ್ ಕಡೆಯಿಂದ ಹುಡುಕಿದರೆ ಯಾವ ಸಾಧನವೂ ತೆವಳುತ್ತದೆ. ಸಾಧನ ಬದಲಿಸುವುದಕ್ಕಿಂತ ಕೋಡನ್ನು ಲಿನಕ್ಸ್ ಭಾಗದ ಹೋಮ್ ಫೋಲ್ಡರಿಗೆ ಸಾಗಿಸುವುದರಿಂದ ಹೆಚ್ಚು ಲಾಭವಿದೆ.

ಕನ್ನಡ ಪಠ್ಯವಿದ್ದರೆ

ರಶೀದಿ, ಎಸ್‌ಎಂಎಸ್, ಅನುವಾದದ ಕಡತಗಳಲ್ಲಿ ಕನ್ನಡ ಇದ್ದೇ ಇರುತ್ತದೆ. ಮಾನಸಗಂಗೋತ್ರಿಯ ಸುತ್ತಮುತ್ತ ಭಾಷಾ ದತ್ತಾಂಶದ ಕೆಲಸ ಮಾಡುವವರಿಗೆ ಇದೇ ಮುಖ್ಯ ಸರಕು.

‘ಹಾಲು’ ಎಂದು ಹುಡುಕಿದರೆ ‘ಹಾಲಿನ ದರ’ ಸಿಗುವುದಿಲ್ಲ, ವಿಭಕ್ತಿ ಸೇರಿದೊಡನೆ ಕೊನೆಯ ಸ್ವರಚಿಹ್ನೆ ಬದಲಾಗುತ್ತದೆ. ಆದ್ದರಿಂದ ‘ಹಾಲ’ ಎಂಬ ಮೊಟಕು ರೂಪವನ್ನು ಹುಡುಕಬೇಕು; ಅದು ಹಾಲು, ಹಾಲಿನ, ಹಾಲನ್ನು ಎಲ್ಲಕ್ಕೂ ಹೊಂದುತ್ತದೆ. ಸದಸ್ಯರ ಪಟ್ಟಿಯಲ್ಲಿ ‘ಮಹಾಲಕ್ಷ್ಮಿ’ ಎಂಬ ಹೆಸರಿನವರೆಲ್ಲರೂ ಜೊತೆಗೆ ಬರುತ್ತಾರೆ, ಏಕೆಂದರೆ ಆ ಹೆಸರಿನ ನಡುವೆ ‘ಹಾಲ’ ಇದೆ. ಪದದ ಎಲ್ಲೆಯನ್ನು ಸೂಚಿಸುವ ಬ್ಯಾಕ್‌ಸ್ಲ್ಯಾಶ್ ಬಿ ಗುರುತನ್ನು ‘ಹಾಲ’ಕ್ಕೆ ಮೊದಲು ಇಟ್ಟರೆ ಮಹಾಲಕ್ಷ್ಮಿಯವರು ಹೊರಗುಳಿಯುತ್ತಾರೆ. ರಿಪ್‌ಗ್ರೆಪ್ ಸ್ವರಚಿಹ್ನೆಗಳನ್ನೂ ಅರ್ಧಾಕ್ಷರದ ಗುರುತನ್ನೂ ಪದದ ಭಾಗವೆಂದೇ ಎಣಿಸುವುದರಿಂದ ಈ ಎಲ್ಲೆ ಅಲ್ಲಿ ಸರಿಯಾಗಿ ಬೀಳುತ್ತದೆ. ಗ್ರೆಪ್‌ನಲ್ಲಿ ಇದು ಲೊಕೇಲ್ ಮೇಲೆ, ಅಂದರೆ ಯಂತ್ರದ ಭಾಷಾ ಹೊಂದಿಕೆಯ ಮೇಲೆ, ನಿಂತಿದೆ. ವೇಗಕ್ಕೆಂದು ಲೊಕೇಲನ್ನು ನಿರ್ಧರಿಸುವ ಎಲ್‌ಸಿ ಆಲ್ ಅನ್ನು ಸಿ ಎಂದು ಇಡುವ ಹಳೆಯ ಚಮತ್ಕಾರ ಇಂಗ್ಲಿಷ್ ಕೋಡಿಗೆ ಸರಿ. ಕನ್ನಡದ ಒಂದೊಂದು ಸಂಕೇತವೂ ಯುಟಿಎಫ್-8ರಲ್ಲಿ ಮೂರು ಬೈಟ್ ಆಗಿರುವುದರಿಂದ ಅಲ್ಲಿ ಒಂದು ಚುಕ್ಕಿ ಅಕ್ಷರದ ಮೂರನೇ ಒಂದು ಭಾಗಕ್ಕಷ್ಟೇ ಹೊಂದುತ್ತದೆ.

ಕಣ್ಣಿಗೆ ಒಂದೇ ಆಗಿ ಕಂಡರೂ ಒಳಗೆ ಬೇರೆಯಾಗಿರುವ ಪದಗಳದ್ದು ಇನ್ನೊಂದು ಕಾಟ. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ಟ್ ಮತ್ತು ವೇ ನಡುವೆ ಒತ್ತಕ್ಷರವಾಗದಂತೆ ತಡೆಯುವ, ಕಣ್ಣಿಗೆ ಕಾಣದ ಸಂಕೇತವೊಂದು ಇರುತ್ತದೆ. ಅದರ ಯುನಿಕೋಡ್ ಸಂಖ್ಯೆ 200ಸಿ. ಕೆಲವರು ಅದನ್ನು ಹಾಕುತ್ತಾರೆ, ಕೆಲವರು ಹಾಕುವುದಿಲ್ಲ. ಇದನ್ನು ಯಾವ ಸಾಧನವೂ ತಾನಾಗಿ ಸರಿಪಡಿಸುವುದಿಲ್ಲ. ರಿಪ್‌ಗ್ರೆಪ್‌ನಲ್ಲಿ ಬ್ಯಾಕ್‌ಸ್ಲ್ಯಾಶ್ ಎಕ್ಸ್ ಮುಂದೆ ಪುಷ್ಪಾವರಣದಲ್ಲಿ ಆ ಸಂಖ್ಯೆಯನ್ನು ಬರೆದು ಪ್ರಶ್ನಾರ್ಥಕ ಚಿಹ್ನೆ ಹಾಕಿದರೆ ಎರಡೂ ರೂಪಗಳು ಸಿಗುತ್ತವೆ. ಗ್ನೂ ಗ್ರೆಪ್‌ನಲ್ಲಿ ಇದಕ್ಕೆ ದೊಡ್ಡ ಪಿ ಆಯ್ಕೆ ಬೇಕು, ಮ್ಯಾಕ್‌ನ ಗ್ರೆಪ್‌ನಲ್ಲಿ ಆ ಆಯ್ಕೆಯೇ ಇಲ್ಲ. ಹಳೆಯ ನುಡಿ ಫಾಂಟಿನಲ್ಲಿ ಯುನಿಕೋಡ್ ಅಲ್ಲದೆ ಟೈಪ್ ಮಾಡಿದ ಪಠ್ಯವಾದರೆ ಪರಿವರ್ತಿಸದ ಹೊರತು ಯಾವುದರಿಂದಲೂ ಸಿಗದು.

ಹಾಗಾದರೆ ಯಾರಿಗೆ ಯಾವುದು

ಲ್ಯಾಬಿನಲ್ಲಿ ಕೆಲಸ ಮಾಡುವ ವಿದ್ಯಾರ್ಥಿ ‘ಗಿಟ್ ಗ್ರೆಪ್’ನಿಂದ ಆರಂಭಿಸಲಿ. ಸ್ವಂತ ಲ್ಯಾಪ್‌ಟಾಪಿನಲ್ಲಿ ದಿನವಿಡೀ ಕೋಡಿನೊಳಗೆ ಇರುವವರಿಗೂ ಕನ್ನಡ ಪಠ್ಯದೊಡನೆ ಹೆಣಗುವವರಿಗೂ ರಿಪ್‌ಗ್ರೆಪ್ ಹಾಕಿಕೊಂಡ ಶ್ರಮ ಬೇಗ ತೀರುತ್ತದೆ, ಯು ಆಯ್ಕೆಯ ಮೂರು ಹಂತಗಳನ್ನು ಕಲಿತುಕೊಂಡಿದ್ದರೆ ಮಾತ್ರ. ಗ್ರಾಹಕರ ಸರ್ವರುಗಳಲ್ಲಿ ಓಡಾಡುವವರು ಗ್ರೆಪ್ ಅನ್ನೇ ಚೆನ್ನಾಗಿ ಕಲಿಯಬೇಕು, ಅಲ್ಲಿ ಬೇರೆ ಯಾವುದೂ ಇರುತ್ತದೆಂಬ ನೆಚ್ಚಿಕೆಯಿಲ್ಲ. ಫಂಕ್ಷನ್ ಅಳಿಸುವ ಮೊದಲಿನ ಕೊನೆಯ ಹುಡುಕಾಟವಾದರೆ, ಅಥವಾ ಉಳಿದುಹೋದ ಪಾಸ್‌ವರ್ಡಿಗಾಗಿ ಜಾಲಾಡುವುದಾದರೆ, ಎಷ್ಟೇ ಗದ್ದಲವಾಗಲಿ ಏನನ್ನೂ ಬಿಡಿಸದ ಗ್ರೆಪ್ ಅಥವಾ ಮೂರು ಯು ಹಾಕಿದ ರಿಪ್‌ಗ್ರೆಪ್ ಇವೆರಡರಲ್ಲಿ ಒಂದನ್ನೇ ಬಳಸಬೇಕು.

ಶೆಲ್ ಸ್ಕ್ರಿಪ್ಟುಗಳ ಒಳಗೆ ನಾನು ಗ್ರೆಪ್ ಬಿಟ್ಟು ಬೇರೆಯದನ್ನು ಬಳಸುವುದಿಲ್ಲ. ಸ್ಕ್ರಿಪ್ಟು ಯಾವ ಯಂತ್ರಕ್ಕೆ ಹೋಗುತ್ತದೋ ಹೇಳಲಾಗದು. ಜೊತೆಗೆ ಹಲವು ಥ್ರೆಡ್‌ಗಳಲ್ಲಿ ಓಡುವ ರಿಪ್‌ಗ್ರೆಪ್‌ನ ಉತ್ತರಗಳ ಕ್ರಮ ಒಂದೊಂದು ಸಲ ಒಂದೊಂದು ಥರ ಇರಬಹುದು. ಅಲ್ಲಿ ಗಮನಿಸಬೇಕಾದದ್ದು ಗ್ರೆಪ್ ಹಿಂದಿರುಗಿಸುವ ಸಂಖ್ಯೆಯನ್ನು: ಸಿಕ್ಕರೆ 0, ಸಿಗದಿದ್ದರೆ 1, ಕಡತವನ್ನು ತೆರೆಯಲಾಗದಂಥ ದೋಷವಾದರೆ 2. ದೋಷದ ಸಂದೇಶಗಳನ್ನು ಎಸ್ ಆಯ್ಕೆಯಿಂದ ಅಡಗಿಸಿ, 1 ಮತ್ತು 2ನ್ನು ಒಂದೇ ಎಂಬಂತೆ ಬರೆದ ಸ್ಕ್ರಿಪ್ಟು, ಓದಲು ಅನುಮತಿಯೇ ಇಲ್ಲದ ಫೋಲ್ಡರಿನ ಬಗ್ಗೆಯೂ ‘ಅಲ್ಲಿ ಆ ಪದ ಇಲ್ಲ’ ಎಂದೇ ವರದಿ ಕೊಡುತ್ತದೆ.